ಇಲಿಗಳ ಕ್ಷೇಮ

ಚಿಕ್ಕೋಡಿ, ಬುಧವಾರ

ಅಪ್ಪಾಜಿ, ಜಯ ಜಿನೇಂದ್ರ.

ನೀವು ಕೊಟ್ಟ ನೇರಳೆ ಬೀಜದ ಪುಡಿಯ ಪರೀಕ್ಷೆ ನಮ್ಮ ಕಾಲೇಜಿನಲ್ಲಿ ಮುಗಿದಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುಗರ್ ಬಂದಿದ್ದ ಇಲಿಗಳಿಗೆ ಎಂಟು ವಾರ ಪುಡಿ ಕುಡಿಸಿದೆವು. ಶುಗರ್ ಇಳಿಯಿತು. ನೀವು ಊರವರಿಗೆಲ್ಲ ಹೇಳುತ್ತ ಬಂದದ್ದು ಅಷ್ಟರ ಮಟ್ಟಿಗೆ ನಿಜ. ಆದರೆ ಕಿಡ್ನಿ ಉಳಿಯಲಿಲ್ಲ. ಪುಡಿ ಕುಡಿದ ಇಲಿಗಳ ಕಿಡ್ನಿಯೂ ಬರೀ ನೀರು ಕುಡಿದವುಗಳ ಹಾಗೆಯೇ ಕೆಟ್ಟಿತ್ತು.

ಆದ್ದರಿಂದ ಪುಡಿಯನ್ನೇ ನಂಬಿ ನೀವು ಬಿಟ್ಟಿರುವ ಡಾಕ್ಟರರ ಗುಳಿಗೆಗಳನ್ನು ಇಂದೇ ಶುರು ಮಾಡಿರಿ. ನಿಮ್ಮ ಕಾಲಿನ ಬಾವು ಕಿಡ್ನಿಯದು, ಪುಡಿಯಿಂದ ಇಳಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ನೀವು ಏನೂ ಬಾಯಿಗೆ ಹಾಕುವುದಿಲ್ಲವೆಂದು ಡಾಕ್ಟರಿಗೆ ಹೇಳಿದ್ದೇನೆ. ಸಂಜೆಯ ಗುಳಿಗೆಯನ್ನು ಐದೂವರೆಯ ಊಟದ ಜೊತೆಗೇ ತೆಗೆದುಕೊಳ್ಳಬಹುದಂತೆ. ಪುಡಿ ಕೇಳಿಕೊಂಡು ಬರುವವರಿಗೂ ಗುಳಿಗೆ ಬಿಡಬೇಡಿರೆಂದು ಹೇಳಿರಿ.

"ಕಿಡ್ನಿ ಒಳಗ ಇರ್ತೈತಿ, ನಿನಗ ಹ್ಯಾಂಗ ಗೊತ್ತಾತು?" ಎಂದು ನೀವು ಕೇಳದೆ ಇರುವುದಿಲ್ಲ. ನನ್ನ ಕೈಯಾರೆ ತೆಗೆದು ನೋಡಿದ್ದೇನೆ. ಅವುಗಳಿಗೆ ಶುಗರ್ ಬರಿಸಿದ್ದೂ ನಾವೇ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ನೀವು ನಂಬುವುದಿಲ್ಲ.

ಫೋನ್ ಮಾಡಿದಾಗಲೆಲ್ಲ ನೀವು ಮೊದಲು ಕೇಳುತ್ತಿದ್ದದ್ದು, "ಇಲಿ ಆರಾಮ ಅದಾವಿಲ್ಲೋ?" ಎಂದು. ಕಳೆದ ವಾರವೂ "ಅದಾವ್ರಿ" ಅಂದೆ.

ನನ್ನೊಡನೆ ಮಾತು ಬಿಟ್ಟರೂ ಗುಳಿಗೆ ತೆಗೆದುಕೊಂಡದ್ದನ್ನು ಅವ್ವನ ಕೈಲಿ ತಿಳಿಸಿರಿ. ಪರೀಕ್ಷೆ ಮುಗಿದ ಮೇಲೆ ಇಲಿಗಳನ್ನು ನಮ್ಮೂರು ಭೋಜಕ್ಕೆ ತರಿಸಿ ನಮ್ಮ ಕಬ್ಬಿನ ಹೊಲದಲ್ಲಿ ಬಿಡಲು ನೀವು ಪಂಜರ ಮಾಡಿಸಿಟ್ಟಿದ್ದೀರಂತೆ, ಅವ್ವ ಹೇಳಿದಳು.

ಪಂಜರ ಕಳಿಸಬೇಡಿರಿ.

ನಿಮ್ಮ
ಸ್ನೇಹಲ