ಬಣ್ಣ ಮಾತ್ರ ಉಳಿದ ಚೌಕಟ್ಟು

4 ಸೆಪ್ಟೆಂಬರ್, ಗುರುವಾರ. ಅನಗೋಳ

ಆ ಗೋಡೆ ತಲೆಯಿಂದ ಹೋಗುತ್ತಿಲ್ಲ. ಬೆಳಿಗ್ಗೆ ದೇವರ ಕೋಣೆಯ ಬಾಗಿಲ ಚೌಕಟ್ಟಿಗೆ ಕೈ ಊರಿದರೆ ಬೆರಳು ಒಳಗೇ ಹೋಯಿತು. ಗೆದ್ದಲು ಮರವನ್ನೆಲ್ಲ ತಿಂದು ಬಣ್ಣವನ್ನಷ್ಟೇ ನಿಲ್ಲಿಸಿತ್ತು! ಪಕ್ಕದ ಗಿಲಾವು ಉದುರಿತು. ಒಳಗೆ ಗೋಡೆಯುದ್ದಕ್ಕೂ ಮಣ್ಣಿನ ದಾರಿಗಳು, ಕವಲುಗಳು, ಪುಟ್ಟ ಕೋಣೆಗಳು.

ಇವರು ಔಷಧ ಹೊಡೆಯುವವನಿಗೆ ಫೋನ್ ಹಚ್ಚಿದರು. ನಮ್ಮ ಜೈನರ ಹತ್ತು ದಿನದ ಪರ್ವ ನಡೆದಿದೆಯೆಂದು ಅತ್ತೆ ತಡೆದರು.

“ದಶಲಕ್ಷಣ ಮುಗೀಲಿ. ಪರ್ವದಾಗ ಜೀವ ತಗೀಬ್ಯಾಡ.”

“ಅಷ್ಟರಾಗ ಗ್ವಾಡಿನೇ ಉಳಿಯೂದಿಲ್ಲವ್ವಾ!”

ಕೊನೆಗೆ ಅತ್ತೆಯ ಮಾತೇ ನಡೆಯಿತು.

ಗಿಲಾವಿನ ಜೊತೆ ಮುರಿದಿದ್ದ ದಾರಿಯನ್ನು ಸಂಜೆಯೊಳಗೆ ಅವು ಹಸಿಮಣ್ಣಿನಿಂದ ಮತ್ತೆ ಕಟ್ಟಿದ್ದವು. ಕಣ್ಣೂ ಇಲ್ಲದ ಹುಳು! ಅಡುಗೆ ಮರೆತು ನೋಡುತ್ತ ನಿಂತೆ.

ಪರ್ವ ಮುಗಿದ ಮೇಲೆ ಸಕಲ ಜೀವಿಗಳಲ್ಲೂ ಕ್ಷಮೆ ಕೇಳುತ್ತೇವೆ. ಔಷಧದವನು ಬರುವುದು ಅದರ ಮರುದಿನ. ಈ ಸಲ ಕೈಮುಗಿಯುವಾಗ ಆ ಗೋಡೆಯ ಕಡೆ ಹೇಗೆ ನೋಡಲಿ?