ತೆಗೆಯದೆ ಬಿಟ್ಟ ಮುಚ್ಚಳ

ಭಾನುವಾರ, ಹದಿನೇಳನೆಯ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಪುಟ್ಟನಿಗೆ,

ಅಣ್ಣನ ಆಶೀರ್ವಾದಗಳು. ಐವತ್ತು ದಾಟಿದವನನ್ನು ಪುಟ್ಟ ಎನ್ನುತ್ತೇನೆಂದು ನಿನ್ನ ಮಕ್ಕಳು ನಗುತ್ತಾರೆ, ನಗಲಿ. ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಅರ್ಧ ನಿಜ, ಅವಳು ಚೆನ್ನಾಗಿದ್ದಾಳೆ. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಫೋನು ಮಾಡಿದರೆ ನಿನ್ನ ಹೆಂಡತಿ ಎತ್ತಿ, "ಅವ್ರು ಸ್ನಾನಕ್ಕೆ ಹೋಗಿದಾರೆ ಭಾವ" ಅನ್ನುತ್ತಾಳೆ. ಎರಡು ತಿಂಗಳಿಂದ ನೀನು ಸ್ನಾನ ಮಾಡುತ್ತಲೇ ಇದ್ದೀಯ. ಚರ್ಮ ಸುಲಿದೀತು, ಹುಷಾರು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಮೈದಾನದ ಕೆಲಸ ಹೋಯಿತು. ಹೋದ ಸೋಮವಾರ ಹಸಿರು ಕೋಟು, ಗುರುತಿನ ಚೀಟಿ ಎರಡನ್ನೂ ವಾಪಸ್ಸು ಕೊಟ್ಟು ಬಂದೆ. ಕೋಟಿನ ಮೇಲಿನ ಗುಂಡಿ ಕಿತ್ತುಹೋಗಿತ್ತು. "ಹೊಲಿದು ಕೊಡಿ, ಮರ್ಯಾದೆ ಇರ್ಲಿ" ಎಂದು ನಿನ್ನ ಅತ್ತಿಗೆ ಹಿಂದಿನ ದಿನ ತಾನೇ ಹೊಲಿದಳು. ಇಪ್ಪತ್ತಾರು ವರ್ಷದ ಕೋಟು ತೆಗೆದುಕೊಂಡ ಗುಮಾಸ್ತ ನನ್ನ ಮುಖವನ್ನೂ ನೋಡಲಿಲ್ಲ, ಗುಂಡಿಯನ್ನೂ ನೋಡಲಿಲ್ಲ.

ನೀನು ಮ್ಯಾಚಿಗೆ ಬಂದಿದ್ದ ಆ ದಿನದ ಗಲಾಟೆಗೆ ಯಾರು ಹೊಣೆ ಎಂದು ಮೂರು ಸಲ ಸಭೆ ಕರೆದರು. ಉದ್ದದ ಮೇಜು, ಆಚೆ ಏಳು ಜನ, ಈಚೆ ನಾನು. ಮೈದಾನದ ವ್ಯವಸ್ಥಾಪಕರು ಪೊಲೀಸರು ಸಾಲದಾದರು ಅಂದರು. ಪೊಲೀಸರು ಟಿಕೆಟ್ಟು ಹೆಚ್ಚು ಮಾರಿದಿರಿ ಅಂದರು. ಟಿಕೆಟ್ಟಿನವರು ಅಂಪೈರ್ ಕಡೆ ತೋರಿಸಿದರು. ತಂಡದವರು ಕಳಿಸಿದ ಕಾಗದದಲ್ಲಿ "ಅಭಿಮಾನದ ಅತಿರೇಕ" ಎಂದು ಬರೆದಿತ್ತು. ನಾವು ಆಡುತ್ತಿದ್ದ ಕಾಲದಲ್ಲಿ ಎತ್ತರದ ಕ್ಯಾಚು ಬಂದರೆ ಇಬ್ಬರೂ "ನಿಂದು, ನಿಂದು" ಎಂದು ನಡುವೆ ಬೀಳಿಸುತ್ತಿದ್ದೆವಲ್ಲ, ಹಾಗೆ. ಬಡವನ ಕೋಪ ದವಡೆಗೆ ಮೂಲ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಮುಚ್ಚಿಕೊಂಡವನ ಕೈಗೇ ಹೊಣೆ ಬಂದು ಬಿತ್ತು.

ನಮ್ಮ ಗೇಟಿನ ಪದ್ಧತಿ ನಿನಗೆ ಗೊತ್ತು. ನೀರಿನ ಬಾಟಲಿ ಒಳಗೆ ಬಿಡುತ್ತೇವೆ, ಮುಚ್ಚಳ ಬಿಡುವುದಿಲ್ಲ. ಮುಚ್ಚಳವಿಲ್ಲದ ಬಾಟಲಿ ಎಸೆದರೆ ದಾರಿಯಲ್ಲೇ ನೀರು ಚೆಲ್ಲಿ, ಬಟ್ಟೆ ಒದ್ದೆ ಮಾಡಿ, ಹತ್ತು ಹೆಜ್ಜೆಗೆ ಬೀಳುತ್ತದೆ. ಮುಚ್ಚಳವಿದ್ದರೆ ಅದು ಕಲ್ಲು. ವ್ಯವಸ್ಥಾಪಕರ ಹೆಂಡತಿಯ ಬಾಟಲಿಯ ಮುಚ್ಚಳವನ್ನೂ ತಿರುಗಿಸಿ ಚೀಲಕ್ಕೆ ಹಾಕಿದವನು ನಾನು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಮುಚ್ಚಳ ಬಿಟ್ಟೆ. "ಚೀಲದಲ್ಲಿ ಲೈಬ್ರರಿ ಪುಸ್ತಕ ಇದೆ ಅಣ್ಣ, ಒದ್ದೆ ಆದ್ರೆ ನಾನೇ ನನಗೆ ದಂಡ ಹಾಕ್ಕೋಬೇಕು" ಎಂದು ನೀನು ನಕ್ಕೆ. ನನಗೂ ನಗು ಬಂತು. ಓದುವ ಕೋಣೆಯಲ್ಲಿ ಸೀನಿದವರನ್ನೂ ಕಣ್ಣಲ್ಲೇ ಗದರಿಸುವ ಗ್ರಂಥಪಾಲಕ ಬಾಟಲಿ ಎಸೆಯುತ್ತಾನೆಯೇ? ಹನ್ನೊಂದು ವರ್ಷಗಳ ಮೇಲೆ ನೀನು ಮ್ಯಾಚ್ ನೋಡಲು ಬಂದಿದ್ದೆ. ಹೋಗು ಎಂದು ನಾನೇ ಬೆನ್ನು ತಟ್ಟಿ, ನಾಲ್ಕನೆಯ ಸಾಲಿನಲ್ಲಿ ದಾರಿಯ ಪಕ್ಕದ ಕುರ್ಚಿ ಹಿಡಿಸಿಕೊಟ್ಟೆ.

ಆಟ ಶುರುವಾದ ಮೇಲೆ ನಮ್ಮ ಕೆಲಸ ಬೇಲಿಯ ಒಳಗೆ, ಸ್ಟೂಲಿನ ಮೇಲೆ. ಆಟಕ್ಕೆ ಬೆನ್ನು, ಜನಕ್ಕೆ ಮುಖ. ತಿರುಗಿ ನೋಡಿದರೆ ಕೆಲಸ ಹೋಯಿತು. ನಾನು ಪಂದ್ಯ ನೋಡುವುದೇ ಮುಖಗಳ ಮೇಲೆ: ಬಾಯಿ ತೆರೆದರೆ ಚೆಂಡು ಮೇಲಿದೆ, ಕೈ ತಲೆಗೆ ಹೋದರೆ ನಮ್ಮವನು ಔಟು. ಈಗ ಮನೆಯಲ್ಲೂ ಅದೇ ಅಭ್ಯಾಸ. "ಟೀವಿ ಆ ಕಡೆ ಇದೆ ಕಣ್ರೀ, ನನ್ನ ಮುಖದಲ್ಲಿ ಏನೂ ಬರ್ತಿಲ್ಲ" ಎಂದು ನಿನ್ನ ಅತ್ತಿಗೆ ಬೈಯುತ್ತಾಳೆ.

ನನ್ನ ಪಕ್ಕದ ಸ್ಟೂಲಿನವಳು ನಿನಗೆ ನೆನಪಿರಬಹುದು, ಕತ್ತಿಗೆ ಸೀಟಿ ಹಾಕಿಕೊಂಡಿದ್ದವಳು. ನಾವೆಲ್ಲ ಅವಳನ್ನು ಸೀಟಿ ಎಂದೇ ಕರೆಯುವುದು. ಮಧ್ಯಾಹ್ನ ನಿನಗೆ ತನ್ನ ಟೋಪಿ ಕೊಟ್ಟಳು, "ಅಣ್ಣನ ತಮ್ಮ ಅಂದ್ರೆ ನಮ್ಮ ತಮ್ಮನೇ" ಅಂದಳು, ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳಾದರೂ.

ಕೊನೆಯ ಓವರುಗಳಲ್ಲಿ ಬೌಂಡರಿ ಹಗ್ಗದ ಹತ್ತಿರ ಆ ಕ್ಯಾಚು ಆಯಿತು. ಹಿಡಿದವನ ಕಾಲು ಹಗ್ಗಕ್ಕೆ ತಾಕಿತು, ಇಲ್ಲ ಎಂದು ಗದ್ದಲ. ಅಂಪೈರ್ ನಮ್ಮವನು ಔಟೆಂದು ಬೆರಳೆತ್ತಿದ. ಎದುರಿಗಿದ್ದವರು ನನಗೆ ಗೊತ್ತಿರುವ ಜನ: ಔಷಧಿ ಅಂಗಡಿಯವರು, ಕನ್ನಡಕ ಮಾಡಿಕೊಡುವವರು, ದಾರಿಯಲ್ಲಿ ಸಿಕ್ಕರೆ ಪಕ್ಕಕ್ಕೆ ಸರಿದು ಜಾಗ ಬಿಡುವವರು. ಒಂದು ಗಳಿಗೆಯಲ್ಲಿ ಎಲ್ಲರ ಮುಖವೂ ಒಂದೇ ಆಯಿತು ಪುಟ್ಟ. ಆ ಮುಖ ಯಾರದೂ ಅಲ್ಲ. ಮೊದಲು ಕಾಗದದ ಚೂರು, ಆಮೇಲೆ ಬಾಟಲಿಗಳು. ಎಲ್ಲವೂ ನೀರು ಚೆಲ್ಲುತ್ತ ಮುಂದಿನ ಸಾಲಿನವರ ಮೇಲೇ ಬಿದ್ದವು. ಒಂದು ಮಾತ್ರ ನೇರವಾಗಿ ಬಂತು. ಹಗ್ಗದ ಬಳಿ ನಿಂತಿದ್ದ ಆಟಗಾರನಿಗೆ ಎಂದು ಎಸೆದದ್ದು, ಸೀಟಿಯ ಎಡಗಣ್ಣಿಗೆ ಬಿತ್ತು. ಬಾಟಲಿ ಒಡೆಯಲಿಲ್ಲ. ಒಂದು ಹನಿ ನೀರೂ ಸೋರಿರಲಿಲ್ಲ.

ಆ ಕಣ್ಣು ಹೋಯಿತು.

ನೀನು ಅಷ್ಟು ಹೊತ್ತಿಗೆ ಬಸ್ಸು ಹಿಡಿಯಲು ಹೊರಟಿರಬೇಕು ಎಂದೇ ನಾನು ನಿನ್ನ ಅತ್ತಿಗೆಗೆ ಹೇಳಿದ್ದೇನೆ. ಬಾಟಲಿಯನ್ನು ಕುರ್ಚಿಯ ಕೆಳಗೆ ಮರೆತಿರಬಹುದು, ಇನ್ಯಾರೋ ಎತ್ತಿಕೊಂಡಿರಬಹುದು. ಹಾಗೇನಾದರೂ ಆಗಿದ್ದರೆ ಒಂದು ಸಾಲು ಬರೆ. ಸಭೆಯಲ್ಲಿ "ಒಂದು ಮುಚ್ಚಳ ನನ್ನ ಕೈ ತಪ್ಪಿತು, ಯಾರದೆಂದು ನೆನಪಿಲ್ಲ" ಅಂದೆ. "ಎಸೆದವನನ್ನು ನೋಡಲಿಲ್ಲವೇ? ನಿಮ್ಮ ಕೆಲಸವೇ ನೋಡುವುದು" ಎಂದು ಕೇಳಿದರು. "ಆ ಗಳಿಗೆ ತಿರುಗಿ ಕ್ಯಾಚು ನೋಡುತ್ತಿದ್ದೆ" ಎಂದು ಬರೆದುಕೊಟ್ಟೆ. ಅಷ್ಟು ಸಾಕಾಯಿತು. ಹೊಣೆಗಾರ ಸಿಕ್ಕಿದ, ಸಭೆ ಮುಗಿಯಿತು, ಚಹಾ ಬಂತು.

ಪ್ರತಿ ಭಾನುವಾರ ಸೀಟಿಯ ಮನೆಗೆ ಹೋಗಿ ಬರುತ್ತೇನೆ. ಗ್ಲಾಸಿಗೆ ನೀರು ಬಗ್ಗಿಸಿದರೆ ಮೇಜಿನ ಮೇಲೆ ಹೋಗುತ್ತದೆ, ಅಂದಾಜು ಸಿಗುವುದಿಲ್ಲ ಅನ್ನುತ್ತಾಳೆ. ನಾನು ಬರೆದುಕೊಟ್ಟದ್ದನ್ನು ಯಾರೋ ಅವಳಿಗೆ ಹೇಳಿದ್ದಾರೆ. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತಿದ್ದೆ. "ತಿರುಗಿಬಿಟ್ರಾ ಅಣ್ಣ? ಹೋಗ್ಲಿ ಬಿಡಿ. ನಂಗೂ ಎಷ್ಟು ಸಲ ಅನ್ಸಿದೆ, ಒಂದೇ ಒಂದ್ಸಲ ನೋಡ್ಬಿಡೋಣ ಅಂತ" ಅಂದಳು. ಆಮೇಲೆ, "ನೀವಾದ್ರೂ ನೋಡಿದ್ರಲ್ಲ, ಹೇಳಿ, ಹೆಂಗಿತ್ತು ಆ ಕ್ಯಾಚು?" ಎಂದು ಕೇಳಿದಳು. ಹೇಳಿದೆ. ಪ್ರತಿ ವಾರವೂ ಕೇಳುತ್ತಾಳೆ, ಪ್ರತಿ ವಾರವೂ ಹೇಳುತ್ತೇನೆ. ಯಾರು ಎಸೆದದ್ದು ಎಂದು ಮಾತ್ರ ಒಂದೇ ಸಲ ಕೇಳಿದಳು. ನಾನು ಮೇಜಿನ ಮೇಲೆ ಚೆಲ್ಲಿದ್ದ ನೀರು ಒರೆಸಿದೆ. ಅವಳು ಮತ್ತೆ ಕೇಳಲಿಲ್ಲ.

ಏನು ಮಾಡಲಿ ಹೇಳು. ಬಾಯಿ ಬಿಟ್ಟರೆ ಒಂದು ಮನೆ ಹೋಗುತ್ತದೆ, ಬಿಡದಿದ್ದರೆ ಅವಳ ಮುಂದೆ ಕೂರಲಾಗುವುದಿಲ್ಲ. ಕೂರದೆ ಇರಲೂ ಆಗುವುದಿಲ್ಲ.

ಇರಲಿ. ನಿನ್ನ ಮೊಣಕಾಲು ನೋವು ಹೇಗಿದೆ? ದೊಡ್ಡ ಮಗಳ ಪರೀಕ್ಷೆ ಆಯಿತೇ? ನಿನ್ನ ಅತ್ತಿಗೆ ಅವಳಿಗೆಂದು ಸ್ವೆಟರ್ ಹೆಣೆಯುತ್ತಿದ್ದಾಳೆ, ತೋಳಿನ ಅಳತೆ ಬರೆದು ಕಳಿಸಬೇಕಂತೆ. ನಿನ್ನ ಮನೆಯವರಿಗೆಲ್ಲ ಒಳ್ಳೆಯದಾಗಲಿ, ನಿನಗೆ ನಿದ್ದೆ ಬರಲಿ. ಸ್ನಾನ ಮುಗಿದ ಮೇಲೆ ಒಂದು ಫೋನು ಮಾಡು.

ನಿನ್ನ
ಅಣ್ಣ

ಮರೆತ ಮಾತು: ಐದನೆಯ ಸಲವೂ ಹರಿದು ಹಾಕಬಾರದೆಂದು ಇದನ್ನು ಬರೆದೇಬಿಡುತ್ತೇನೆ. ನಾನು ತಿರುಗಿರಲಿಲ್ಲ ಪುಟ್ಟ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಿರುಗಿಲ್ಲ. ನಾನು ನಿನ್ನನ್ನೇ ನೋಡುತ್ತಿದ್ದೆ. ನಿನ್ನ ಎಡಗೈ ಹಿಂದಕ್ಕೆ ಹೋದದ್ದನ್ನು ನೋಡಿ "ಬೇಡ" ಅಂದೆ, ಆ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ. ಅವಳ ಟೋಪಿ ನಿನ್ನ ತಲೆಯ ಮೇಲೇ ಇತ್ತು. ಆ ಕ್ಯಾಚನ್ನು ನಾನು ಕಂಡಿಲ್ಲ, ಸೀಟಿಗೆ ಹೇಳಿದ್ದೆಲ್ಲ ಕಟ್ಟಿದ ಕಥೆ. ನೀನು ಆ ಕಡೆಗೇ ಮುಖ ಮಾಡಿದ್ದೆ. ಬೇರೇನೂ ಬರೆಯಲಾಗದಿದ್ದರೆ ಇಷ್ಟಾದರೂ ಬರೆ, ಹಿಡಿದವನ ಕಾಲು ಹಗ್ಗಕ್ಕೆ ತಾಕಿತ್ತಾ? ಇವತ್ತು ಮಧ್ಯಾಹ್ನ ಹೋದರೆ ಅವಳು ಮತ್ತೆ ಕೇಳುತ್ತಾಳೆ, ಬರುವ ಭಾನುವಾರವೂ ಕೇಳುತ್ತಾಳೆ.