ಕದ್ದು ಅಂಟಿಸಿದ @

ಅಕ್ಕಾ,

ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಯೊಂದರಲ್ಲಿ ಕೂತಿದ್ದೇನೆ. ಶನಿವಾರದವರೆಗೆ ನನ್ನ ಕೆಲಸ ನೋಡಿ, ಇಟ್ಟುಕೊಳ್ಳುತ್ತಾರೋ ಇಲ್ಲವೋ ಆಮೇಲೆ ಹೇಳುತ್ತಾರಂತೆ. ಈ ದೇಶದ ಕೀಬೋರ್ಡ್ ವಿಚಿತ್ರ. ನಮ್ಮಲ್ಲಿ ಎರಡರ ಅಂಕಿಯ ಕೀಲಿಯ ಮೇಲಿರುವ @ ಇಲ್ಲಿ ಕ್ಯೂ ಕೀಲಿಯ ಮೂಲೆಯಲ್ಲಿದೆ. ಎಷ್ಟು ಒತ್ತಿದರೂ ಕ್ಯೂ ಮಾತ್ರ ಬರುತ್ತದೆ! ಮೂರು ದಿನ ಹಳೆಯ ಅರ್ಜಿಗಳಿಂದ @ ಕದ್ದು ಅಂಟಿಸಿದೆ. ಇವತ್ತು ಅಂಗಡಿಯ ಒಡತಿ, "ಪರವಾಗಿಲ್ಲ, ಕೈ ಚುರುಕಾಗಿದೆ" ಎಂದು ಹೊಗಳಿದಾಗ ತಡೆಯಲಾಗದೆ ಇದ್ದದ್ದನ್ನು ಹೇಳಿಬಿಟ್ಟೆ. ಕೆಲಸ ಹೋಯಿತೆಂದು ಎದ್ದೂ ನಿಂತೆ.

"ಎಲ್ಲಿಗೆ ಹೊರಟೆ? ಕೂತ್ಕೋ. ಕೇಳೋಕೆ ಬಾಯಿ ಇರ್ಲಿಲ್ವಾ?" ಎಂದು ಗದರಿ, ಬಲಗಡೆಯ ಆಲ್ಟ್ ಕೀಲಿ ಹಿಡಿದುಕೊಂಡು ಕ್ಯೂ ಒತ್ತಿಸಿದರು. @ ಬಂತು! "ನಿನಗಿಂತ ಮುಂಚೆ ಇದ್ದವನೂ ಅಂಟಿಸ್ತಾನೇ ಇದ್ದ. ಒಂದಿನ @ ಜೊತೆ ಬೇರೆಯವರ ಇಮೇಲ್ ವಿಳಾಸಾನೂ ಅಂಟಿಸಿ, ಯಾರದೋ ಅರ್ಜಿಗೆ ಇನ್ಯಾರಿಗೋ ಉತ್ತರ ಹೋಯ್ತು. ಕೇಳಿದ್ರೆ ನಾನಲ್ಲ ಅಂದ. ನೀನು ಸೋಮವಾರಾನೂ ಬಾ."

ಕೆಮ್ಮು ಇಳಿದಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಅಪ್ಪನಿಗೆ ಕೆಲಸ ಸಿಕ್ಕಿತೆಂದು ಹೇಳಬೇಡ. ಸೋಮವಾರ ಬರಲು ಹೇಳಿದ್ದಾರೆ ಎನ್ನು. ಸದ್ಯಕ್ಕೆ ಅಷ್ಟು ನಿಜ.

ನಿನ್ನ ತಮ್ಮ